ಜೇಬಿನಲ್ಲೇ ಸವೆಯುವ ಚಾಕು

ಮೊದಲು ಒಂದು ಪ್ರಶ್ನೆ. ಈ ಹೊತ್ತಿನಲ್ಲಿ ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಚಾಕು ಇದೆ? ಕೈ ಎತ್ತಿ, ನಾನು ಯಾರಿಗೂ ಹೇಳುವುದಿಲ್ಲ.

ಮೂರು ಕೈ. ಒಬ್ಬರು ತೋಟದವರು. ಇನ್ನೊಬ್ಬ ಮೈಕ್ ಹಾಕಿದ ಹುಡುಗ, ವೈರ್ ಸುಲಿಯೋಕೆ ಬೇಕಲ್ಲ. ಮೂರನೆಯವರು ಹಿಂದಿನ ಸಾಲಿನಿಂದ ಕವಳದ ಸಂಚಿ ಎತ್ತಿ ತೋರಿಸುತ್ತಿದ್ದಾರೆ. ಐವತ್ತು ವರ್ಷದ ಹಿಂದೆ ಇದೇ ಊರಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಗಂಡಸರ ಸಾಲಿನಲ್ಲಿ ಸುಮಾರು ಕೈ ಏಳುತ್ತಿದ್ದವು. ಹೆಂಗಸರ ಸಾಲಿನಲ್ಲಿ ಏಳುತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಜಿನ ಮೇಲೆ ಎರಡು ಚಾಕು ಇಟ್ಟಿದ್ದೇನೆ. ಎಡಗಡೆಯದು ನಮ್ಮಜ್ಜನದು. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡದ್ದಂತೆ, ಯಾವ ವರ್ಷದ ಜಾತ್ರೆ ಅಂತ ಅವರಿಗೇ ನೆನಪಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬರುತ್ತದೆ, ಯಾವುದೋ ಒಂದು. ಕೊಂಡಾಗ ಇದರ ಅಲಗು ಹೆಬ್ಬೆರಳಿನಷ್ಟು ಅಗಲ ಇತ್ತು ಅನ್ನುತ್ತಿದ್ದರು. ಈಗ ನೋಡಿ, ಪೆನ್ಸಿಲ್ಲಿನಷ್ಟೂ ಇಲ್ಲ. ನಡುವೆ ಸ್ವಲ್ಪ ಒಳಕ್ಕೆ ಬಾಗಿದೆ, ಹಳೇ ಕುಡುಗೋಲಿನ ಹಾಗೆ. ಅಲ್ಲೇ ಹೆಚ್ಚು ಮಸೆದದ್ದು. ಮಾಡಿದವನ ಗುರುತು ಯಾವಾಗಲೋ ಅಳಿಸಿಹೋಗಿದೆ.

ಬಲಗಡೆಯದು ಒಪಿನೆಲ್. ಫ್ರಾನ್ಸ್ ದೇಶದ ಸವೊಯ್ ಅನ್ನುವ ಗುಡ್ಡಗಾಡು ಸೀಮೆಯದು. ಕೆಲಸದ ಮೇಲೆ ಆ ಕಡೆ ಇದ್ದಾಗ ಪರಿಚಯವಾದ ಚಾಕು. ಒಬ್ಬ ಮನುಷ್ಯನ ಜೊತೆ ಆಯುಷ್ಯಪೂರ್ತಿ ಬಾಳಬೇಕಾದರೆ ಚಾಕು ಹೇಗಿರಬೇಕು ಅನ್ನುವುದೇ ಇವತ್ತಿನ ವಿಷಯ. ನನಗೆ ಅದನ್ನು ಅರ್ಥ ಮಾಡಿಸಿದ್ದು ಈ ಎರಡು.

ಅಜ್ಜ ದಿನಕ್ಕೆ ಎಷ್ಟು ಸಲ ಚಾಕು ತೆಗೆಯುತ್ತಿದ್ದರು ಅಂತ ಒಂದು ದಿನ ಎಣಿಸಲು ಹೋಗಿ ಮಧ್ಯಾಹ್ನದೊಳಗೆ ಸೋತೆ. ಬೆಳಿಗ್ಗೆ ವೀಳ್ಯದೆಲೆಯ ತೊಟ್ಟು ತೆಗೆಯುವುದು. ತೋಟಕ್ಕೆ ಹೋಗುವಾಗ ಬಳ್ಳಿ ಸವರುವುದು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಬಾಳೆಯ ಪಟ್ಟೆ ಸೀಳಿ ದಾರ ಮಾಡುವುದು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವುದು. ಮುಳ್ಳು ತೆಗೆದ ಚಾಕುವನ್ನೇ ಪಂಚೆಗೆ ಒರೆಸಿ ಮೊಮ್ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿ ಕೊಡುತ್ತಿದ್ದರು. ನಾವೆಲ್ಲ ಬದುಕಿದ್ದೇವೆ.

ಅವರು ನಿಜವಾಗಿ ಮೈಯೆಲ್ಲ ಕಣ್ಣಾಗಿ ಮಾಡುತ್ತಿದ್ದ ಕೆಲಸ ಅಂದರೆ ಅಪ್ಪೆಮಿಡಿ ಮಾವಿನ ಕಸಿ. ಇಲ್ಲಿ ಕಸಿ ಕಟ್ಟುವವರು ಇದ್ದೀರಿ, ನಿಮಗೆ ಗೊತ್ತು. ಒಳ್ಳೆ ಮಿಡಿ ಬಿಡುವ ಮರದ ಕುಡಿಯನ್ನು ತಂದು ಎರಡೂ ಬದಿಯಿಂದ ಬೆಣೆಯ ಹಾಗೆ ಕೆತ್ತಬೇಕು. ಒಂದೊಂದು ಬದಿಗೆ ಒಂದೇ ಎಳೆತ. ಎರಡನೇ ಸಲ ಎಳೆದರೆ ಮೈ ಏರುಪೇರಾಗುತ್ತದೆ, ಗಿಡದ ಸೀಳಿಗೆ ಸಿಪ್ಪೆಗೆ ಸಿಪ್ಪೆ ಸರಿಯಾಗಿ ಅಂಟುವುದಿಲ್ಲ, ಕುಡಿ ಒಣಗುತ್ತದೆ. ಮೊಂಡು ಚಾಕು ಕಡಿಯುವುದಿಲ್ಲ, ಜಜ್ಜುತ್ತದೆ. ಹಾಗಾಗಿ ಕಸಿ ಕಟ್ಟುವ ದಿನ ಅಜ್ಜ ಮೊದಲು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗುತ್ತಿದ್ದರು. ಅಜ್ಜಿಗೆ ಸಿಟ್ಟು ಬರುತ್ತಿತ್ತು. ಆ ಕಲ್ಲಿನ ಒಂದು ಅಂಚು ಮಸೆದೂ ಮಸೆದೂ ದೋಣಿಯ ಹಾಗಾಗಿತ್ತು.

ಈಗ ಹೆಂಗಸರ ಸಾಲಿಗೆ ಬರೋಣ. ಅಜ್ಜಿ ಅಜ್ಜನಿಗಿಂತ ಹತ್ತು ಪಟ್ಟು ಜಾಸ್ತಿ ಹೆಚ್ಚುತ್ತಿದ್ದರು, ಅಲ್ವಾ? ಎಲ್ಲ ಮನೆಯಲ್ಲೂ ಹಾಗೇ. ಆದರೆ ಅವರದು ಮೆಟ್ಟುಕತ್ತಿ, ಕೆಲವರ ಮನೆಯಲ್ಲಿ ಈಳಿಗೆಮಣೆ. ಅದರ ಮೇಲೆ ಕಾಲಿಟ್ಟು ಕೂತರೆ ಎರಡೂ ಕೈ ತರಕಾರಿಗೆ ಸಿಗುತ್ತದೆ. ಬಹಳ ಬುದ್ಧಿವಂತಿಕೆಯ ಸಾಮಾನು. ಆದರೆ ಅಜ್ಜನ ಚಾಕು ಅಜ್ಜನ ಜೊತೆ ಜಾತ್ರೆಗೆ ಹೋಯಿತು, ಸೊಸೈಟಿಗೆ ಹೋಯಿತು, ಹುಬ್ಬಳ್ಳಿಗೂ ಹೋಗಿಬಂತು. ಅಜ್ಜಿಯ ಮೆಟ್ಟುಕತ್ತಿ ಅಡುಗೆಮನೆಯ ಮೂಲೆ ಬಿಟ್ಟು ಏಳಲಿಲ್ಲ. ಸೀರೆಗೆ ಜೇಬಿಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ. ನನ್ನ ಚೂಡಿದಾರಕ್ಕೆ ನಾನು ಹೇಳಿ ಜೇಬು ಹೊಲಿಸಿಕೊಂಡಿದ್ದೇನೆ, ಈ ಚಾಕುವಿಗಾಗಿಯೇ.

ಸರಿ, ಸವೊಯ್‌ಗೆ ಹೋಗೋಣ.

ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ಸೇರುವ ಕಡೆ ಆಲ್ಪ್ಸ್ ಬೆಟ್ಟ. ಸವೊಯ್ ಕಾಯಂ ಆಗಿ ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ. ಅಲ್ಲಿ ಮೊರಿಯೆನ್ ಕಣಿವೆ, ಅದರಲ್ಲಿ ಸೇಂಟ್ ಜಾನ್ ದ ಮೊರಿಯೆನ್ ಅನ್ನುವ ಊರು. ಫ್ರೆಂಚರ ಬಾಯಲ್ಲಿ ಅದು ಸಾಂ ಜಾನ್. ಅದರ ಹತ್ತಿರದ ಹಳ್ಳಿಯಲ್ಲಿ ಒಪಿನೆಲ್ ಮನೆತನದವರು ಕಮ್ಮಾರರು. ಕೊಡಲಿ, ಕುಡುಗೋಲು ಮಾಡುತ್ತಿದ್ದರು. ಆ ಮನೆಯ ಹುಡುಗ ಜೋಸೆಫ್ ಒಪಿನೆಲ್ 1872ರಲ್ಲಿ ಹುಟ್ಟಿದವನು. 1890ರಲ್ಲಿ, ಹದಿನೆಂಟು ವರ್ಷಕ್ಕೆ, ಮಡಚುವ ಚಾಕು ಮಾಡಿದ. ಹೊಸ ಮಷಿನ್ನು ಅಂದರೆ ಹುಚ್ಚಿದ್ದ ಹುಡುಗ. ಅಪ್ಪನಿಗೆ ಸುತ್ತಿಗೆ, ಇವನಿಗೆ ಯಂತ್ರ.

ಅವನು ಮಾಡಿದ್ದು ಏನು? ಒಂದು ದುಂಡನೆಯ ಬೀಚ್ ಮರದ ತುಂಡು. ಅದರಲ್ಲಿ ಉದ್ದಕ್ಕೆ ಒಂದು ಸೀಳು. ಸೀಳಿನೊಳಗೆ ಒಂದು ಅಲಗು. ತುದಿಯಲ್ಲಿ ಕಬ್ಬಿಣದ ಬಳೆ, ಅಡ್ಡಲಾಗಿ ಒಂದು ರಿವೆಟ್. ಅಷ್ಟೇ. ಸ್ಪ್ರಿಂಗ್ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಜ್ಜನ ಚಾಕುವಿನಲ್ಲಿ ಬೆನ್ನಿಗೆ ಸ್ಪ್ರಿಂಗ್ ಪಟ್ಟಿ ಇತ್ತು, ಅದು ನಾನು ಹುಟ್ಟುವ ಮೊದಲೇ ಮುರಿದಿತ್ತು. ಆಮೇಲೆ ಮೂವತ್ತು ವರ್ಷ ಅಜ್ಜ ಅಲಗು ಅಲ್ಲಾಡುವ ಚಾಕುವನ್ನು ಹೆಬ್ಬೆರಳಿಂದ ಒತ್ತಿ ಹಿಡಿದೇ ಕೆಲಸ ಮಾಡಿದರು. ಸ್ಪ್ರಿಂಗ್ ಇಲ್ಲದಿದ್ದರೆ ಮುರಿಯುವ ಮಾತೇ ಇಲ್ಲ ಅಂತ ಆ ಹುಡುಗನಿಗೆ ಹದಿನೆಂಟಕ್ಕೇ ಹೊಳೆದಿತ್ತು.

1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ಹನ್ನೆರಡು ಅಳತೆಯಲ್ಲಿ ಮಾಡತೊಡಗಿದ. ಒಂದನೇ ನಂಬರ್ ಬರೀ ಎರಡು ಸೆಂಟಿಮೀಟರ್ ಅಲಗು, ಕೀ ಗೊಂಚಲಿಗೆ ತೂಗಿಹಾಕುವಂಥದ್ದು. ಅದನ್ನೂ ಹನ್ನೊಂದನೇ ನಂಬರನ್ನೂ 1935ರಲ್ಲಿ ನಿಲ್ಲಿಸಿದರು. ಒಂದು ತೀರಾ ಸಣ್ಣ, ಇನ್ನೊಂದಕ್ಕೂ ಅಕ್ಕಪಕ್ಕದವಕ್ಕೂ ವ್ಯತ್ಯಾಸವೇ ಇಲ್ಲ. ಎಲ್ಲರ ಜೇಬಿನಲ್ಲಿ ಇರುವುದು ಎಂಟನೇ ನಂಬರ್, ಎಂಟೂವರೆ ಸೆಂಟಿಮೀಟರ್ ಅಲಗು. ಇದೂ ಎಂಟೇ. ಅಲಗಿನ ಮೇಲೆ ಗುರುತು ಕಾಣುತ್ತದಾ? ಆಶೀರ್ವಾದ ಮಾಡುವ ಕೈ, ಮೇಲೆ ಕಿರೀಟ. 1909ರಲ್ಲಿ ನೋಂದಾಯಿಸಿದ್ದು. ಸಾಂ ಜಾನ್ ಊರಿನ ಚರ್ಚಿನಲ್ಲಿ ಸಂತ ಯೋಹಾನನ ಮೂರು ಬೆರಳು ಇವೆ ಅಂತ ಅಲ್ಲಿಯವರ ನಂಬಿಕೆ. ಆ ಬೆರಳು ಇಲ್ಲಿ ಚಾಕುವಿನ ಮೇಲೆ ಬಂದಿದೆ. ಕಿರೀಟ ಹಳೇ ಸವೊಯ್ ಸಂಸ್ಥಾನದ್ದು. ನೋಡಿ, ಒಂದು ಚಾಕು ಮಾರುವುದಕ್ಕೆ ಊರದೇವರು, ಅರಮನೆ ಎರಡೂ ಬೇಕಾಯಿತು.

ಕಣಿವೆಯ ರೈತರು, ಕುರಿ ಕಾಯುವವರು, ತಲೆಹೊರೆ ವ್ಯಾಪಾರದವರು ಮೊದಲು ಕೊಂಡರು. 1871ರಲ್ಲೇ ಆ ಕಣಿವೆಯ ಮೂಲಕ ಬೆಟ್ಟ ಕೊರೆದು ಇಟಲಿಗೆ ರೈಲು ಬಿಟ್ಟಿದ್ದರು. ರೈಲು ಕೆಲಸಗಾರರ ಜೇಬು ಹತ್ತಿದ ಮೇಲೆ ಚಾಕು ಊರೂರು ತಿರುಗಿತು.

ಒಂದು ಕೊರತೆ ಇತ್ತು. ಒತ್ತಿ ಕೆಲಸ ಮಾಡುವಾಗ ಅಲಗು ತಟ್ಟನೆ ಮಡಚಿಕೊಂಡರೆ ಬೆರಳು ಹೋಯಿತು. 1955ರಲ್ಲಿ ಮಾರ್ಸೆಲ್ ಒಪಿನೆಲ್ ಅದಕ್ಕೊಂದು ತಿರುಗುವ ಬಳೆ ಸೇರಿಸಿದ. ನೋಡಿ, ಹೀಗೆ ಬಿಚ್ಚಿ, ಬಳೆ ತಿರುಗಿಸಿದರೆ ಟಕ್, ಅಲಗು ಅಲ್ಲಾಡುವುದಿಲ್ಲ. ಹಿಂದೆ ತಿರುಗಿಸಿದರೆ ಮಡಚಬಹುದು. ಈಗ ಒಟ್ಟು ಐದು ಭಾಗ. ಐದೂ ಕಣ್ಣಿಗೆ ಕಾಣುತ್ತವೆ. ಏನಾದರೂ ಕೆಟ್ಟರೆ ಯಾವುದು ಕೆಟ್ಟಿತು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ನಾನಿದ್ದ ಮನೆಯ ಮಾಲೀಕರು ಎಂಬತ್ತರ ಹತ್ತಿರದವರು, ರೈತರ ಮಗ. ಊಟಕ್ಕೆ ಕರೆದಿದ್ದರು. ಮೇಜಿನ ಮೇಲೆ ಎಲ್ಲರಿಗೂ ಚಾಕು ಫೋರ್ಕು ಇಟ್ಟಿತ್ತು. ಅವರು ಮಾತ್ರ ಪ್ಯಾಂಟಿನ ಜೇಬಿನಿಂದ ತಮ್ಮದನ್ನೇ ತೆಗೆದರು. ಅದರಲ್ಲೇ ಬ್ರೆಡ್ಡು, ಚೀಸು, ಕೊನೆಗೆ ಪಿಯರ್ ಹಣ್ಣು. ನಾನು ನೋಡುವುದನ್ನು ಕಂಡು ಹೇಳಿದರು: ಅವರ ಚಿಕ್ಕಂದಿನಲ್ಲಿ ಊಟಕ್ಕೆ ಬರುವವರು ತಮ್ಮ ತಮ್ಮ ಚಾಕು ತರುತ್ತಿದ್ದರಂತೆ. ಅವರಪ್ಪ ಚಾಕು ಮಡಚಿ ಜೇಬಿಗೆ ಹಾಕಿದರೆ ಊಟ ಮುಗಿಯಿತು, ಆಳುಕಾಳು ಸಮೇತ ಎಲ್ಲರೂ ಏಳಬೇಕು. ನಿಧಾನಕ್ಕೆ ತಿನ್ನುವವನ ಪಾಡು ದೇವರೇ ಬಲ್ಲ. ನಮ್ಮ ಪಂಕ್ತಿಯಲ್ಲಿ ಹಿರಿಯರು ಏಳುವವರೆಗೆ ಕೂತಿರಬೇಕಲ್ಲ, ಅದೇ ತಿರುವುಮುರುವು.

ನಾನು ಊರಿಗೆ ಹೊರಟಾಗ ಅವರು ಒಂದು ಹೊಸ ಒಪಿನೆಲ್ ಕೊಟ್ಟರು. ಕೊಟ್ಟವರೇ ಕೈ ಚಾಚಿದರು. 'ಒಂದು ನಾಣ್ಯ ಕೊಡು.' ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕತ್ತರಿಸುತ್ತದಂತೆ. ನಾಣ್ಯ ಕೊಟ್ಟರೆ ಅದು ಮಾರಾಟ, ದೋಷವಿಲ್ಲ. ನನಗೆ ನಗು ಬಂತು. ನಮ್ಮಮ್ಮ ಇವತ್ತಿಗೂ ಚಾಕು ಕೈಗೆ ಕೊಡುವುದಿಲ್ಲ, ನೆಲಕ್ಕಿಟ್ಟು 'ತಗೋ' ಅನ್ನುತ್ತಾರೆ. ಕೈಯಿಂದ ಕೈಗೆ ಕೊಟ್ಟರೆ ಜಗಳ ಅಂತೆ. ಹತ್ತು ಸೆಂಟ್ ಕೊಟ್ಟೆ.

ಆ ಚಾಕು ನನ್ನ ಹತ್ತಿರ ಉಳಿಯಲಿಲ್ಲ. ಯಾವುದೋ ಒಂದು ವಿಮಾನ ನಿಲ್ದಾಣದಲ್ಲಿ ಹೋಯಿತು. ಕೈಚೀಲದಲ್ಲಿ ಮರೆತು ಇಟ್ಟದ್ದು ನಾನೇ, ತಪ್ಪು ನನ್ನದೇ. ತಪಾಸಣೆಯವರು ಮರ್ಯಾದೆಯಿಂದಲೇ ತೆಗೆದು ಪಾರದರ್ಶಕ ಡಬ್ಬಿಗೆ ಹಾಕಿದರು. ಉಗುರು ಕತ್ತರಿ, ಲೈಟರ್, ಒಂದು ಸ್ಕ್ರೂಡ್ರೈವರ್, ಅವುಗಳ ಮೇಲೆ ನನ್ನ ಚಾಕು. ಇನ್ನೂ ಮರ ಹಳದಿಯಾಗಿಯೇ ಇತ್ತು, ಕೈಯ ಜಿಡ್ಡು ಹತ್ತಿರಲಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಜಗತ್ತಿನಲ್ಲಿ ಹೀಗೆ ಎಷ್ಟು ಜೇಬಿನ ಚಾಕು ಡಬ್ಬಿ ಸೇರಿವೆಯೋ. ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್‌ನವರ ವ್ಯಾಪಾರಕ್ಕೇ ಆಗ ದೊಡ್ಡ ಪೆಟ್ಟು ಬಿತ್ತು. ವಿಮಾನ ನಿಲ್ದಾಣದ ಅಂಗಡಿಗಳಲ್ಲೇ ಅವರ ಮಾಲು ಬಹಳ ಹೋಗುತ್ತಿತ್ತು.

ಸ್ವಿಸ್ ಚಾಕು ಅಂದೆನಲ್ಲ, ಯಾರಾದರೂ ಕೇಳಿಯೇ ಕೇಳುತ್ತೀರಿ. ಕಾರ್ಲ್ ಎಲ್ಸನರ್ 1884ರಲ್ಲಿ ಇಬಾಕ್ ಊರಲ್ಲಿ ಅಂಗಡಿ ಇಟ್ಟ, 1891ರಲ್ಲಿ ಸೈನ್ಯಕ್ಕೆ ಚಾಕು ಕೊಟ್ಟ. ಡಬ್ಬಿ ತೆರೆಯೋಕೆ, ಬಂದೂಕು ಬಿಚ್ಚೋಕೆ ಬೇಕಿತ್ತು. ಅಮ್ಮನ ಹೆಸರು ವಿಕ್ಟೋರಿಯಾ, ಅದಕ್ಕೆ ತುಕ್ಕು ಹಿಡಿಯದ ಉಕ್ಕಿನ ಇನಾಕ್ಸ್ ಸೇರಿ ಈ ಹೆಸರು. ಒಳ್ಳೆ ಸಾಮಾನು. ಆದರೆ ನನ್ನ ಮಟ್ಟಿಗೆ ಅದು ಜೇಬಿನಲ್ಲಿ ಹೊರುವ ಸಲಕರಣೆ ಪೆಟ್ಟಿಗೆ. ಅದರ ಕತ್ತರಿಯ ಸ್ಪ್ರಿಂಗ್ ಹೋದ ದಿನ ನಮಗೆ ಹೊಸದು ಬೇಕು ಅನಿಸುತ್ತದೆ.

ಈಗ ಇಲ್ಲಿರುವುದು ಎರಡನೆಯ ಒಪಿನೆಲ್, ಗೆಳತಿ ಲಗೇಜಿನಲ್ಲಿ ಹಾಕಿ ತಂದದ್ದು. ಅದು ನನಗೆ ಮೊದಲ ಮಳೆಗಾಲದಲ್ಲೇ ಪಾಠ ಕಲಿಸಿತು. ಜುಲೈ ತಿಂಗಳು. ಗೊತ್ತಲ್ಲ ನಮ್ಮ ಮಳೆ, ಪಾಪಡವೂ ಮೆತ್ತಗೆ, ಬೆಂಕಿಪೊಟ್ಟಣವೂ ಮೆತ್ತಗೆ. ಹಿಡಿಯ ಮರ ನೀರು ಕುಡಿದು ಊದಿಕೊಂಡಿತು. ಸೀಳು ಅಲಗನ್ನು ಕಚ್ಚಿ ಹಿಡಿಯಿತು. ಉಗುರು ಹಾಕಿ ಎಳೆದರೆ ಉಗುರು ಬಂತು, ಚಾಕು ಬರಲಿಲ್ಲ. ಇಕ್ಕಳ ತರಲು ಹೊರಟಿದ್ದೆ. ಆಗ ಮನೆಮಾಲೀಕರು ಒಮ್ಮೆ ಮಾಡಿದ್ದು ನೆನಪಾಯಿತು. ಹಿಡಿಯ ಹಿಂಭಾಗವನ್ನು ಮೇಜಿಗೆ ಹೀಗೆ ಕುಟ್ಟಬೇಕು. ಟಕ್, ಟಕ್. ನೋಡಿ, ಅಲಗು ತಾನಾಗಿ ಸ್ವಲ್ಪ ಹೊರಗೆ ಬಂತು. ಅಲ್ಲಿ ಇದಕ್ಕೆ 'ಸವೊಯ್‌ನವರ ಏಟು' ಅಂತಲೇ ಹೆಸರು. ಅಲ್ಲಿ ಹಿಮಕ್ಕೆ, ಇಲ್ಲಿ ಮಳೆಗೆ. ಮಳೆ ಹಿಡಿಯುವ ಮೊದಲು ಸಂದಿಗೆ ಎರಡು ತೊಟ್ಟು ತೆಂಗಿನೆಣ್ಣೆ ಬಿಟ್ಟರೆ ಅಷ್ಟು ತೊಂದರೆ ಇಲ್ಲ.

ಇನ್ನು ಉಕ್ಕಿನ ಮಾತು. ಅಂಗಡಿಯವರು 'ತುಕ್ಕು ಹಿಡಿಯುವುದಿಲ್ಲ, ಮಸೆಯಬೇಕಾಗಿಲ್ಲ' ಅಂತ ಮಾರುತ್ತಾರೆ. ಮಸೆಯಬೇಕಾಗದ ಚಾಕು ಇಲ್ಲ. ಮಸೆಯಲು ಬಾರದ ಚಾಕು ಇದೆ. ಉಕ್ಕು ತೀರಾ ಗಡಸಾದರೆ ಅಂಚು ಬಹಳ ದಿನ ನಿಲ್ಲುತ್ತದೆ, ಆದರೆ ಮೊಂಡಾದ ಮೇಲೆ ಮನೆಯ ಕಲ್ಲಿಗೆ ಬಗ್ಗುವುದಿಲ್ಲ, ವಜ್ರದ ಪುಡಿ ಹಚ್ಚಿದ ಪಟ್ಟಿ ಬೇಕು. ಮೆತ್ತಗಾದರೆ ಎರಡು ಟೊಮೆಟೊಗೆ ಮೊಂಡು. ಒಪಿನೆಲ್‌ನ ಹಳೇ ಮಾದರಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು 0.9 ಪಾಲು ಇಂಗಾಲ. ಕಮ್ಮಾರರ ಮಾತಿನಲ್ಲಿ ಹೇಳುವುದಾದರೆ ಹದ ಸರಿಯಾಗಿದೆ. ಹೊಳೆಯ ಕಲ್ಲಿಗೂ ಹರಿತ ಕೊಡುತ್ತದೆ.

ಆದರೆ ತುಕ್ಕು ಹಿಡಿಯುತ್ತದೆ, ಅದು ನಿಜ. ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೆ ಅರ್ಧ ಗಂಟೆಯಲ್ಲಿ ಅಲಗು ಕಪ್ಪು. ಅಡಿಕೆಗಂತೂ ಕೇಳಲೇಬೇಡಿ. ಅಡಿಕೆಯ ಚೊಗರೂ ಕಬ್ಬಿಣವೂ ಸೇರಿದರೆ ಶಾಯಿಯೇ ಆಗುತ್ತದೆ. ಹಿಂದೆ ಅಣಲೆಕಾಯಿ, ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಲೆಕ್ಕ. ಸುಲಿಯುವ ಸೀಸನ್ನಿನಲ್ಲಿ ನಮ್ಮ ಹೆಂಗಸರ ಬೆರಳು ಕಪ್ಪಾಗುವುದನ್ನು ನೋಡಿದ್ದೀರಿ. ಚಾಕುವಿಗೂ ಹಾಗೇ. ಈ ಕಪ್ಪು ಕೊಳೆ ಅಲ್ಲ, ಉಜ್ಜಿ ತೆಗೆಯಬೇಡಿ. ಒಮ್ಮೆ ಮೈಯೆಲ್ಲ ಹರಡಿದರೆ ಕೆಂಪು ತುಕ್ಕು ಬೇಗ ಹತ್ತುವುದಿಲ್ಲ. ನನ್ನ ಅಲಗಿನ ಮೇಲೆ ಮೋಡದ ಹಾಗೆ ನೀಲಿ ಬೂದು ಕಲೆ ಕಾಣುತ್ತಿದೆಯಲ್ಲ, ಹೋದ ವರ್ಷದ ಮಿಡಿ ಅದು.

ಮಸೆಯುವುದನ್ನು ಒಮ್ಮೆ ತೋರಿಸುತ್ತೇನೆ. ಕಲ್ಲು ನೀರಲ್ಲಿ ನೆನೆದಿರಲಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನಿನ ಕೆಳಗೆ ಎರಡು ಐದು ರೂಪಾಯಿ ನಾಣ್ಯ ತೂರುವಷ್ಟು ಎತ್ತಿ. ಅಷ್ಟೇ ಓರೆ. ಕಲ್ಲಿನ ಮೈಯಿಂದ ತೆಳ್ಳಗೆ ಒಂದು ಪದರ ಕೆರೆದು ತೆಗೆಯುವ ಹಾಗೆ ಮುಂದಕ್ಕೆ ತಳ್ಳಿ. ಜೋರು ಬೇಡ. ಸದ್ದು ಕೇಳಿ, ಒಂದೇ ಸಮ ಬರಬೇಕು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಬದಿಯ ಅಂಚಿಗೆ ಬೆರಳನ್ನು ಅಡ್ಡಡ್ಡ ಸವರಿದರೆ ಸಣ್ಣಗೆ ತರಿತರಿ ಹತ್ತುತ್ತದೆ. ಉಕ್ಕು ಆ ಕಡೆಗೆ ಮಡಚಿಕೊಂಡಿದೆ ಅಂತ ಅರ್ಥ. ಆಗ ಮಗುಚಿ ಹಾಕಿ ಇನ್ನೊಂದು ಬದಿ. ಕೊನೆಗೆ ಹಳೇ ಬೆಲ್ಟಿನ ಚರ್ಮದ ಮೇಲೆ ಹಿಂದಕ್ಕೆ ನಾಲ್ಕು ಎಳೆತ. ಅಜ್ಜ ವೀಳ್ಯದೆಲೆಯಲ್ಲಿ ಪರೀಕ್ಷೆ ಮಾಡುತ್ತಿದ್ದರು. ಎಲೆಯನ್ನು ಗಾಳಿಯಲ್ಲಿ ಹಿಡಿದು ತೊಟ್ಟಿಗೆ ಅಲಗು ತಾಗಿಸಿದರೆ ತೊಟ್ಟು ಬೀಳಬೇಕು, ಎಲೆ ಬಾಗಬಾರದು.

ಪ್ರತಿ ಸಲ ಹೀಗೆ ಮಸೆದಾಗ ಕಲ್ಲಿನ ಮೇಲೆ ಬೂದಿ ಬಣ್ಣದ ಕೆಸರು ಉಳಿಯುತ್ತದೆ. ಅದರಲ್ಲಿ ಚಾಕುವೂ ಇದೆ. ಅಜ್ಜನ ಚಾಕುವಿನ ಮುಕ್ಕಾಲು ಪಾಲು ಆ ಒಗೆಯುವ ಕಲ್ಲಿನ ಬುಡದ ಚರಂಡಿಯಲ್ಲಿ ಹರಿದುಹೋಗಿದೆ. ಹಿಡಿಯೂ ಮೊದಲಿನದಲ್ಲ. ಬೀಟೆಯ ಹಿಡಿ ಒಡೆದಿತ್ತು, ಇದು ಹಲಸಿನದು, ಊರಿನ ಆಚಾರಿ ಹಾಕಿಕೊಟ್ಟದ್ದು. ಫ್ರೆಂಚರಲ್ಲಿ 'ಜಾನೋನ ಚಾಕು' ಅಂತ ಒಂದು ಮಾತಿದೆ. ಜಾನೋ ಒಮ್ಮೆ ಅಲಗು ಬದಲಿಸಿದ, ಒಮ್ಮೆ ಹಿಡಿ ಬದಲಿಸಿದ, ಆದರೂ ಅದೇ ಚಾಕು ಅಂತ ಹೇಳಿಕೊಂಡು ತಿರುಗಿದ. ಅಲ್ಲಿ ಅದು ತಮಾಷೆಗೆ ಹೇಳುವ ಮಾತು. ನಮ್ಮನೆಯಲ್ಲಿ ಆಯುಧಪೂಜೆಗೆ ಈ ಚಾಕುವನ್ನು ಇಟ್ಟು ಕುಂಕುಮ ಹಚ್ಚುವಾಗ ಯಾರಿಗೂ ಅನುಮಾನ ಬಂದದ್ದಿಲ್ಲ, ಇದು ಅಜ್ಜನದೇ.

ಜಪಾನಿನ ಒಂದು ಕತೆ ಹೇಳದೆ ಬಿಡಲಾರೆ. ಅಲ್ಲಿ ಹಿಗೊನೊಕಾಮಿ ಅನ್ನುವ ಚಾಕು. ಮಿಕಿ ಅನ್ನುವ ಊರಲ್ಲಿ 1890ರ ದಶಕದಲ್ಲಿ ಹುಟ್ಟಿದ್ದು, ಸರಿಸುಮಾರು ಒಪಿನೆಲ್‌ನ ವಾರಿಗೆಯದು. ತಗಡನ್ನು ಮಡಚಿದ ಹಿಡಿ, ಒಂದು ರಿವೆಟ್, ಅಲಗಿನ ಹಿಂದೆ ಸಣ್ಣ ಬಾಲ. ಬಾಲವನ್ನು ಹೆಬ್ಬೆರಳಿಂದ ಒತ್ತಿ ಹಿಡಿದರೆ ಅದೇ ಬೀಗ. ಶಾಲೆ ಮಕ್ಕಳೆಲ್ಲ ಜೇಬಲ್ಲಿ ಇಟ್ಟುಕೊಂಡು ಪೆನ್ಸಿಲ್ ಕೆತ್ತುತ್ತಿದ್ದರು. 1960ರ ಅಕ್ಟೋಬರ್‌ನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಅಸಾನುಮಾ ಅನ್ನುವ ಸಮಾಜವಾದಿ ನಾಯಕನನ್ನು ವೇದಿಕೆಯ ಮೇಲೆಯೇ ಇರಿದು ಕೊಂದ. ಅವನು ಬಳಸಿದ್ದು ಗಿಡ್ಡ ಕತ್ತಿ, ಈ ಚಾಕು ಅಲ್ಲ. ಆದರೂ ಮಕ್ಕಳ ಕೈಯಲ್ಲಿ ಚಾಕು ಬೇಡ ಅನ್ನುವ ಚಳವಳಿ ದೇಶವೆಲ್ಲ ಹಬ್ಬಿತು. ಮೆಂಡರ್ ಬಂತು, ಚಾಕು ಹೋಯಿತು. ಆ ಹೆಸರಿನಲ್ಲಿ ಚಾಕು ಮಾಡುವ ಹಕ್ಕಿರುವ ಮನೆ ಈಗ ಒಂದೇ, ನಾಗಾವೊ ಅವರದು. ನಗಾನೊ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾತ್ರ ಒಂದನೇ ಕ್ಲಾಸಿಗೆ ಸೇರುವ ಮಕ್ಕಳಿಗೆ ಇದನ್ನು ಕೊಟ್ಟು, ಕೆತ್ತುವುದನ್ನೂ ಮಸೆಯುವುದನ್ನೂ ಕಲಿಸುತ್ತಾರೆ. ಆರು ವರ್ಷದ ಮಕ್ಕಳು. ನಾವು ಆ ವಯಸ್ಸಿನ ಮಕ್ಕಳಿಗೆ ಪ್ಲಾಸ್ಟಿಕ್ ಚಮಚ ಕೊಡಲೂ ಯೋಚಿಸುತ್ತೇವೆ.

ನಮ್ಮಲ್ಲಿ ಮಡಚುವ ಚಾಕು ಅಂದರೆ ಕಣ್ಣಮುಂದೆ ಬರುವುದು ಯಾರು? ಸಿನಿಮಾದ ಖಳನಾಯಕ. ಟಕ್ಕಂತ ಬಿಚ್ಚುವ ರಾಂಪುರಿ. ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳು ಮಾಡುತ್ತಿದ್ದ ಒಳ್ಳೆಯ ಕೈಕೆಲಸವನ್ನು ಸಿನಿಮಾ ರೌಡಿಯ ಕೈಗೆ ಕೊಟ್ಟುಬಿಟ್ಟಿತು. ಈಗ ಆ ಊರಿನ ವೃತ್ತದಲ್ಲಿ ಸುಮಾರು 20 ಅಡಿಯ ಚಾಕು ನಿಲ್ಲಿಸಿದ್ದಾರೆ, ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಜೇಬಿನದು ಹೋಗಿ ವೃತ್ತದ್ದು ಬಂತು. ಮೊದಲಿಗೆ ನಾನು ಚಾಕು ತೆಗೆದಾಗ ಆಫೀಸಿನಲ್ಲಿ ಇಬ್ಬರು ಹಿಂದೆ ಸರಿದಿದ್ದರು. ಪಾರ್ಸೆಲ್ಲಿನ ಟೇಪು ಕತ್ತರಿಸಲು ತೆಗೆದದ್ದು. ಈಗ ಪಾರ್ಸೆಲ್ ಬಂದರೆ ಅವರೇ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಕಾನೂನಿನ ಬಗ್ಗೆ ಚೀಟಿ ಬಂದಿದೆ. 1959ರ ಆಯುಧ ಕಾಯಿದೆಯ ಪ್ರಕಾರ ಲೆಕ್ಕಕ್ಕೆ ಬರುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗು. ಅದರಲ್ಲೂ ಮನೆಗೆಲಸ, ಕೃಷಿಯ ಹತ್ಯಾರು ಬೇರೆ. ಇದು ಮೂರೂವರೆ ಇಂಚೂ ಇಲ್ಲ. ಹಾಗಂತ ಮೆಟ್ರೋ, ಕೋರ್ಟು, ವಿಮಾನ ಅಂತ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗಿ. ಡಬ್ಬಿಗೆ ಬಿದ್ದ ಮೇಲೆ ವಾದ ಮಾಡಿ ಪ್ರಯೋಜನ ಇಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ಅಜ್ಜ ಕೊನೆಯ ವರ್ಷ ತೋಟಕ್ಕೆ ಹೋಗಲಾರದೆ ಜಗಲಿಯಲ್ಲೇ ಕೂತಿರುತ್ತಿದ್ದರು. ಹಲ್ಲಿಲ್ಲ, ಕವಳ ಕುಟ್ಟಿ ಕೊಡಬೇಕಿತ್ತು. ಆದರೂ ಎಲೆಯ ತೊಟ್ಟು ಮಾತ್ರ ಅವರೇ ತೆಗೆಯಬೇಕು. ಕೈ ನಡುಗುತ್ತಿತ್ತು, ಚಾಕು ನಡುಗುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ, ಎರಡೂ ನಡುಗುತ್ತಿದ್ದವು. ಒಂದು ದಿನ ನನ್ನನ್ನು ಕರೆದು ಚಾಕು ಕೆಳಗಿಟ್ಟು, 'ಮೊಂಡಾಗಿದೆ, ಸ್ವಲ್ಪ ಕಲ್ಲಿಗೆ ಹಿಡಿ' ಅಂದರು. ನಾನು ಮಸೆದು ತಂದೆ. ಎಲೆಗೆ ತಾಗಿಸಿ ನೋಡಿದರು. ಎಲೆ ಬಾಗಿತು. 'ಓರೆ ಜಾಸ್ತಿ ಹಿಡಿದೀಯೆ, ಇನ್ನೊಂದ್ಸಲ' ಅಂದರು. ಮೂರನೇ ಸಲಕ್ಕೆ ತೊಟ್ಟು ಬಿತ್ತು. ಮಾತೇನೂ ಆಡಲಿಲ್ಲ, ಕವಳ ಕುಟ್ಟಲು ಎಲೆ ನನ್ನ ಕಡೆ ಚಾಚಿದರು.

ಚಹಾ ಬರುವವರೆಗೆ ಎರಡೂ ಚಾಕು ಇಲ್ಲೇ ಮೇಜಿನ ಮೇಲೆ ಇರುತ್ತವೆ, ಕಲ್ಲೂ ನೀರೂ ಇದೆ. ನಿಮ್ಮ ಮೂವರ ಚಾಕುಗಳನ್ನೂ ತನ್ನಿ, ನೋಡೋಣ. ನನ್ನದನ್ನು ನಾನು ಯಾರ ಕೈಗೂ ಕೊಡುವುದಿಲ್ಲ, ಸುಮ್ನೆ ಜಗಳ ಯಾಕೆ. ಬೇಕಾದವರು ಮೇಜಿನಿಂದಲೇ ತೆಗೆದುಕೊಳ್ಳಿ. ಅಜ್ಜನದಕ್ಕೆ ಸ್ಪ್ರಿಂಗ್ ಇಲ್ಲ, ಮಡಚುವಾಗ ಬೆರಳು ಜೋಪಾನ.